ನಾಟಿ ರಾಗಿ ಅಂದ್ರೆ ಯಾವ ರಾಗಿ?

ಹೋದ ತಿಂಗಳು ಹಾಸನದ ಸಂತೆಯಲ್ಲಿ ಒಬ್ಬರು ರಾಗಿ ಮಾರುತ್ತಿದ್ದರು. ಎರಡು ಗುಡ್ಡೆ. ಒಂದಕ್ಕೆ ಕೆಜಿಗೆ ಹತ್ತು ರೂಪಾಯಿ ಜಾಸ್ತಿ. ಯಾಕೆ ಅಂತ ಕೇಳಿದರೆ, "ಇದು ನಾಟಿ ಸಾರ್, ಅದು ಹೈಬ್ರಿಡ್ದು" ಅಂದರು. ಜಾಸ್ತಿ ಬೆಲೆಯದ್ದನ್ನೇ ತಂದೆ. ಅರಸೀಕೆರೆ ಕಡೆ ಬೇಸಾಯ ಮಾಡುವ ಚಿಕ್ಕಪ್ಪ ಮನೆಗೆ ಬಂದಿದ್ದಾಗ ತೋರಿಸಿದರೆ ಅಂಗೈಯಲ್ಲಿ ಹರಡಿಕೊಂಡು ನಕ್ಕರು. "ಬರೀ ಕಾಳು ನೋಡಿ ತಳಿ ಹೇಳೋಕಾಗಲ್ಲ ಕಣಪ್ಪ. ಆದ್ರೆ ನಮ್ಮ ಸುತ್ತಮುತ್ತ ಎಲ್ಲರೂ ಹಾಕಿರೋದು ಜಿಪಿಯು-28 ಅನ್ನೋ ಹೊಸ ತಳಿ. ಇದೂ ಅದೇ ಇರಬೇಕು."

ಮೊದಲು ಒಂದು ಮಾತು. ಅಂಗಡಿ, ಸಂತೆಯಲ್ಲಿ 'ಹೈಬ್ರಿಡ್ ರಾಗಿ' ಅನ್ನುತ್ತಾರಲ್ಲ, ಮುಸುಕಿನ ಜೋಳದಲ್ಲಿ ಇರುವಂಥ ಹೈಬ್ರಿಡ್ ಬೀಜದ ವ್ಯಾಪಾರವೇ ರಾಗಿಯಲ್ಲಿ ಇಲ್ಲ. ರಾಗಿ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗಾಗಿ ಹೊಸ ತಳಿಯಾದರೂ ರೈತ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಇಟ್ಟುಕೊಳ್ಳಬಹುದು, ಮುಂದಿನ ವರ್ಷವೂ ಹೆಚ್ಚುಕಮ್ಮಿ ಅದೇ ಪೈರು ಬರುತ್ತದೆ. ಇವು ಕುಲಾಂತರಿಯೂ ಅಲ್ಲ. ಎರಡು ರಾಗಿಯನ್ನು ಕೂಡಿಸಿ, ಹುಟ್ಟಿದ್ದರಲ್ಲಿ ಒಳ್ಳೆಯದನ್ನು ವರ್ಷಗಟ್ಟಲೆ ಆರಿಸುತ್ತಾ ಹೋಗಿದ್ದು, ಅಷ್ಟೆ.

ಹೇಳೋಕೆ 'ಅಷ್ಟೆ'. ಮಾಡೋಕೆ ಕೂತವರಿಗೆ ಗೊತ್ತು ಅದರ ಕಷ್ಟ.

ನಮ್ಮಲ್ಲಿ ರಾಗಿ ಸುಧಾರಣೆ ಶುರುವಾಗಿದ್ದು 1913ರಲ್ಲಿ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರಿಂದ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದರ ಹಿಂದೆಯೂ ಇದೇ ಮನುಷ್ಯ ಇದ್ದಾರೆ. ಅವರ ಕಾಲದಲ್ಲಿ ನಡೆದದ್ದು ಆಯ್ಕೆ ಮಾತ್ರ. ರೈತರ ಹೊಲದಲ್ಲಿ ಇದ್ದ ರಾಗಿಯಲ್ಲೇ ಚೆನ್ನಾಗಿರುವುದನ್ನು ಬೇರೆ ಮಾಡಿ ಬೆಳೆಸುವುದು. ಹೆಚ್-22 ಅನ್ನುವ ತಳಿ ಹಾಗೆ ಬಂತು. ಆದರೆ ಆಯ್ಕೆಗೆ ಒಂದು ಮಿತಿ ಇದೆ, ಹೊಲದಲ್ಲಿ ಇಲ್ಲದ ಗುಣವನ್ನು ಎಷ್ಟು ಆರಿಸಿದರೂ ಸಿಗುವುದಿಲ್ಲ. ಅದಕ್ಕೆ ಸಂಕರ, ಅಂದರೆ ಎರಡು ಬೇರೆ ರಾಗಿಗಳನ್ನು ಕೂಡಿಸುವ ಕೆಲಸ, ಮಾಡಲೇಬೇಕು.

ರಾಗಿ ಹೂವನ್ನು ನೀವು ನೋಡಿರಲಿಕ್ಕಿಲ್ಲ. ರಾಗಿ ಬೆಳೆಯುವವರೂ ಜಾಸ್ತಿ ಜನ ನೋಡಿರುವುದಿಲ್ಲ. ಒಂದೊಂದು ಹೂವೂ ತೀರಾ ಸಣ್ಣದು, ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ತೆನೆಯ ಮೇಲಿನ ತುದಿಯಿಂದ ಶುರುವಾಗಿ ಬುಡದವರೆಗೆ ಅರಳಿ ಮುಗಿಯಲು ವಾರದ ಮೇಲಾಗುತ್ತದೆ. ಇಂಥ ಹೂವಿನ ಗಂಡು ಭಾಗವನ್ನು ಚಿಮಟದಲ್ಲಿ ಕಿತ್ತು ತೆಗೆದು ಬೇರೆ ಗಿಡದ ಪರಾಗ ಹಚ್ಚುವುದು ಅಂದರೆ ಕಣ್ಣು ಹೋಗುವ ಕೆಲಸ. ಹಾಗಾಗಿ ತಳಿ ವಿಜ್ಞಾನಿಗಳು ಒಂದು ಉಪಾಯ ಹುಡುಕಿಕೊಂಡರು. ಹಸಿರು ಗಿಡದ ತೆನೆಯನ್ನೂ, ಗಿಣ್ಣು ನೇರಳೆ ಬಣ್ಣ ಇರುವ ಇನ್ನೊಂದು ಗಿಡದ ತೆನೆಯನ್ನೂ ಅರಳುವ ಮೊದಲೇ ಒಟ್ಟಿಗೆ ಕಟ್ಟಿ ಚೀಲ ಮುಚ್ಚಿಬಿಡುವುದು. ಹಸಿರು ತೆನೆಯಲ್ಲಿ ಹೆಚ್ಚಿನ ಕಾಳು ತನ್ನದೇ ಪರಾಗದ್ದು. ಎಲ್ಲೋ ಒಂದೆರಡು ಕಾಳಿಗೆ ಪಕ್ಕದವನ ಪರಾಗ ಸೇರಿರುತ್ತದೆ. ಅದನ್ನು ಹುಡುಕುವುದು ಹೇಗೆ? ಎಲ್ಲ ಕಾಳನ್ನೂ ಬಿತ್ತುವುದು. ನೇರಳೆ ಗುಣ ಹಸಿರಿನ ಮೇಲೆ ಗೆಲ್ಲುತ್ತದೆ. ಹಾಗಾಗಿ ಸಾಲಿನಲ್ಲಿ ಯಾವ ಸಸಿಯ ಗಿಣ್ಣು ನೇರಳೆ ಬಂತೋ ಅದೇ ನಿಜವಾದ ಸಂಕರ, ಉಳಿದದ್ದನ್ನು ಕಿತ್ತು ಹಾಕಿದರಾಯಿತು. ಮೆಂಡೆಲ್‌ನ ಬಟಾಣಿ ಪಾಠವನ್ನು ಸ್ಕೂಲಲ್ಲಿ ಬಾಯಿಪಾಠ ಮಾಡಿದಾಗ ಯಾರಾದರೂ ಈ ರಾಗಿ ಕತೆ ಹೇಳಿದ್ದರೆ ನನಗೆ ಆಗಲೇ ಅರ್ಥವಾಗುತ್ತಿತ್ತು.

ಈ ಸಂಕರದ ಕೆಲಸಕ್ಕೆ ಆಯುಸ್ಸನ್ನೇ ಕೊಟ್ಟವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು. ಜನ ಅವರನ್ನು ಕರೆದದ್ದೇ ರಾಗಿ ಲಕ್ಷ್ಮಣಯ್ಯ ಅಂತ. 1951ರಿಂದ 1964ರವರೆಗೆ ಅವರು ಇಲ್ಲಿನ ರಾಗಿಗಳನ್ನೇ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ಕೊಟ್ಟರು. ಆಮೇಲೆ ಆಫ್ರಿಕಾದ ರಾಗಿಗೆ ಕೈ ಹಾಕಿದರು. ಅದರ ಕಾಳು ದಪ್ಪ, ಕಡ್ಡಿ ಗಟ್ಟಿ. ನಮ್ಮದು ಇಲ್ಲಿನ ಮಳೆಗೆ ಒಗ್ಗಿದ್ದು, ಬೇಗ ಕೊಯ್ಲಿಗೆ ಬರುತ್ತದೆ. ಎರಡೂ ಕೂಡಿ ಹುಟ್ಟಿದ್ದು ಇಂಡಾಫ್. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಇಷ್ಟು ಸಲೀಸಾದ ಹೆಸರು ಇನ್ನೊಂದಿಲ್ಲ. ನಮ್ಮ ಕಡೆ ವಯಸ್ಸಾದವರು ಈಗಲೂ 'ಇಂಡಾಪು' ಅನ್ನುತ್ತಾರೆ, ಅದರಲ್ಲಿ ಆಫ್ರಿಕಾ ಇದೆ ಅಂತ ಗೊತ್ತಿಲ್ಲದೆ.

ಸ್ವಾರಸ್ಯ ಏನೆಂದರೆ, ನಮ್ಮ 'ನಾಟಿ' ಅನ್ನುವ ರಾಗಿಯೂ ಆಫ್ರಿಕಾದ್ದೇ. ರಾಗಿಯನ್ನು ಮನುಷ್ಯ ಬೆಳೆಯಲು ಶುರುಮಾಡಿದ್ದು ಇಥಿಯೋಪಿಯಾ, ಉಗಾಂಡದ ಎತ್ತರದ ನೆಲದಲ್ಲಿ, ಸುಮಾರು 5000 ವರ್ಷ ಹಿಂದೆ. ಅಲ್ಲಿಂದ ಸಾವಿರಾರು ವರ್ಷ ಹಿಂದೆಯೇ ಇಲ್ಲಿಗೆ ಬಂದು ಇಲ್ಲಿಯದೇ ಆಯಿತು. ಅಂದರೆ ಲಕ್ಷ್ಮಣಯ್ಯನವರು ಮಾಡಿದ್ದು ಪರದೇಶದ ಸಂಬಂಧವಲ್ಲ, ಯಾವತ್ತೋ ಪಾಲಾಗಿ ದೂರ ಹೋದ ದಾಯಾದಿಗಳನ್ನು ಮತ್ತೆ ಒಂದು ಮನೆಗೆ ತಂದದ್ದು.

ಇಂಡಾಫ್‌ಗೂ ಕಾಟ ತಪ್ಪಲಿಲ್ಲ. ಇಲುಕು ರೋಗ ಬಿದ್ದು ತೆನೆಯ ಕುತ್ತಿಗೆಯೇ ಕಪ್ಪಾಗಿ ಜೊಳ್ಳಾಗುತ್ತಿತ್ತು. ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಇಂಡಾಫ್-5, ಇಂಡಾಫ್-9 ಎರಡರ ಜೊತೆಗೆ ರೋಗ ತಡೆಯುವ ಐಇ-1012 ಅನ್ನುವ ಇನ್ನೊಂದು ರಾಗಿಯನ್ನು ಸೇರಿಸಿ ಜಿಪಿಯು-28 ಮಾಡಿದರು. ಚಿಕ್ಕಪ್ಪನಂಥವರು ಅದನ್ನು ಹಿಡಿದುಕೊಂಡದ್ದು ಬರೀ ಇಳುವರಿಗಲ್ಲ, ಹುಲ್ಲಿಗೂ. ಅರಸೀಕೆರೆ, ಕಡೂರು ಕಡೆ ಬೇಸಿಗೆಯಲ್ಲಿ ಮೆದೆ ಖಾಲಿಯಾದರೆ ದನ ಮಾರಬೇಕು. ಎಷ್ಟೇ ಕಾಳು ಕೊಟ್ಟರೂ ಹುಲ್ಲು ಕೊಡದ ತಳಿಯನ್ನು ನಮ್ಮವರು ಎರಡನೇ ವರ್ಷ ಹೊಲಕ್ಕೆ ಸೇರಿಸುವುದಿಲ್ಲ.

ಇತ್ತೀಚೆಗೆ ಕೆಲಸ ಹೊಲದಿಂದ ಕಂಪ್ಯೂಟರಿಗೂ ಹೋಗಿದೆ. 2017ರಲ್ಲಿ ಬೆಂಗಳೂರಿನ ಶೈಲಜಾ ಹಿತ್ತಲಮನಿ ಅವರ ತಂಡ ಎಂಎಲ್-365 ತಳಿಯ ಡಿಎನ್‌ಎಯನ್ನು ಓದಿ ಪ್ರಕಟಿಸಿತು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾನಿಲಯದ ಕ್ಯಾಟ್ರಿನ್ ಡೆವೋಸ್ ಹುಲ್ಲು ಮತ್ತು ಧಾನ್ಯಗಳ ತಳಿಶಾಸ್ತ್ರವನ್ನೇ ಹಿಡಿದವರು. ಭತ್ತ, ಗೋಧಿ, ಜೋಳ, ರಾಗಿ ಎಲ್ಲವೂ ಒಂದೇ ಹುಲ್ಲಿನ ಕುಟುಂಬ ಅಲ್ವಾ, ಅವುಗಳ ಜೀನ್‌ಗಳು ಎಷ್ಟೋ ಕಡೆ ಒಂದೇ ಕ್ರಮದಲ್ಲಿ ಕೂತಿವೆ. 2007ರಲ್ಲಿ ಭತ್ತದ 12 ವರ್ಣತಂತುಗಳನ್ನು (ಕ್ರೋಮೋಸೋಮ್) ರಾಗಿಯ 9 ವರ್ಣತಂತು ಗುಂಪುಗಳ ಪಕ್ಕ ಇಟ್ಟು ನೋಡಿದಾಗ ಆರು ಒಂದಕ್ಕೊಂದು ಹೊಂದಿದವು. ಉಳಿದ ಮೂರರಲ್ಲಿ, ಭತ್ತದ ಒಂದು ವರ್ಣತಂತು ಇನ್ನೊಂದರ ನಡುವೆ ತೂರಿಕೊಂಡಂತೆ ಇತ್ತು. 2023ರಲ್ಲಿ ಡೆವೋಸ್ ಅವರ ತಂಡ ಹೂವಿನಲ್ಲಿ ಪರಾಗ ಹಿಡಿಯುವ ತುದಿಗೆ ನೇರಳೆ ಬಣ್ಣ ಬರಲು ಕಾರಣವಿರಬಹುದಾದ ಜೀನ್ ಒಂದನ್ನೂ ಗುರುತಿಸಿತು.

ರಾಗಿಯಲ್ಲಿ ಇರುವುದು ಒಂದು ಗುಂಪಿಗೆ ನಾಲ್ಕರಂತೆ ಒಟ್ಟು 36 ವರ್ಣತಂತು, ಎರಡು ಬೇರೆ ಬೇರೆ ಹುಲ್ಲುಗಳಿಂದ ಬಂದದ್ದು. ಒಂದು ಹುಲ್ಲು ಯಾವುದು ಅಂತ ಗೊತ್ತಾಗಿದೆ. ಎಲ್ಯುಸಿನ್ ಇಂಡಿಕಾ ಅಂತ ಶಾಸ್ತ್ರದ ಹೆಸರು, ನಮ್ಮ ಹೊಲದ ಬದು, ರಸ್ತೆ ಪಕ್ಕ ಎಲ್ಲ ಕಡೆ ಬೆಳೆಯುವ ಕಳೆ, ತೆನೆ ಬಂದಾಗ ಸಣಕಲು ರಾಗಿಯ ಹಾಗೇ ಕಾಣುತ್ತದೆ. ಇನ್ನೊಂದು ಇವತ್ತಿಗೂ ಪತ್ತೆಯಾಗಿಲ್ಲ, ಅಳಿದೇ ಹೋಗಿರಬಹುದು.

ಇದನ್ನು ಚಿಕ್ಕಪ್ಪನಿಗೆ ಹೇಳಿದೆ, ನೀವು ಕಿತ್ತೆಸೆಯುವ ಆ ಕಳೆಯೇ ರಾಗಿಯನ್ನು ಹೆತ್ತದ್ದು ಅಂತ. "ಹೌದಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಕುಂಟೆ ಹೊಡೀಲೇಬೇಕಲ್ಲಪ್ಪ" ಅಂದರು.