ಎಸೆದ ಕೂಡಲೇ ವಿಮಾನ ಮೂಗೆತ್ತಿ ಬೀಳೋದ್ಯಾಕೆ?

ಪ್ರಶ್ನೆ: ಸನ್‌ಪ್ಯಾಕ್ (ಬೋರ್ಡುಗಳಿಗೆ ಬಳಸುವ ಟೊಳ್ಳು ಪ್ಲಾಸ್ಟಿಕ್) ಶೀಟಿನಲ್ಲಿ ಒಂದು ಮೀಟರ್ ರೆಕ್ಕೆಯ ಆರ್‌ಸಿ (ರಿಮೋಟ್ ಕಂಟ್ರೋಲ್) ವಿಮಾನ ಮಾಡಿದ್ದೇನೆ. ಕೈಯಿಂದ ಎಸೆದ ಕೂಡಲೇ ಮೂಗು ಮೇಲೆತ್ತುತ್ತದೆ, ಆಮೇಲೆ ಎಡಕ್ಕೆ ಮಗುಚಿ ಬೀಳುತ್ತದೆ. ಆಗಲೇ ಎರಡು ಪ್ರೊಪೆಲ್ಲರ್ ಹೋದವು. ಇನ್ನೂ ದೊಡ್ಡ ಮೋಟಾರ್ ಹಾಕಬೇಕಾ?

ಬೇಡ. ಮೋಟಾರಿಗೆ ದುಡ್ಡು ಸುರಿಯುವ ಮುಂಚೆ ಒಂದು ಸ್ಕೇಲು, ಒಂದು ಮಾರ್ಕರ್ ಪೆನ್ನು ತಗೊಳ್ಳಿ. ನೀವು ಹೇಳಿದ್ದನ್ನು ಕೇಳಿದರೆ ನಿಮ್ಮ ವಿಮಾನದ ಬಾಲ ಭಾರವಾಗಿದೆ ಅನ್ನಿಸುತ್ತದೆ. ಮೊದಲ ಎಸೆತಕ್ಕೇ ಮೂಗೆತ್ತಿ ಬೀಳುವ ವಿಮಾನದಲ್ಲಿ ನಾನು ಮೊದಲು ನೋಡೋದು ಇದನ್ನೇ.

ರೆಕ್ಕೆ ಕೊಡುವ ಎತ್ತುವ ಬಲ ಹೆಚ್ಚುಕಡಿಮೆ ಅದರ ಮುಂದಿನ ಕಾಲು ಭಾಗದಲ್ಲಿ ಕೆಲಸ ಮಾಡುತ್ತದೆ. ವಿಮಾನದ ತೂಕದ ಕೇಂದ್ರ, ಅಂದರೆ ಸಿಜಿ, ಅದರ ಹತ್ತಿರವೇ ಇರಬೇಕು. ಅದು ತೀರಾ ಹಿಂದೆ ಹೋಯಿತು ಅನ್ನಿ. ಗಾಳಿಯ ಒಂದು ಸಣ್ಣ ತಳ್ಳಾಟಕ್ಕೆ ಮೂಗು ಒಂಚೂರು ಎದ್ದರೂ ರೆಕ್ಕೆಯ ಬಲ ಜಾಸ್ತಿಯಾಗಿ ಅದನ್ನು ಇನ್ನಷ್ಟು ಎತ್ತುತ್ತದೆ. ಅದನ್ನು ತಿರುಗಿ ಕೆಳಗಿಳಿಸುವಷ್ಟು ಬಲ ಬಾಲಕ್ಕೆ ಇರುವುದಿಲ್ಲ. ಮೂಗು ಎದ್ದಷ್ಟೂ ವೇಗ ಬೀಳುತ್ತದೆ, ಕೊನೆಗೆ ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಇಷ್ಟೂ ಆಗೋಕೆ ಒಂದೆರಡು ಸೆಕೆಂಡ್ ಸಾಕು. ನಿಮ್ಮ ಬೆರಳು ರಿಮೋಟಿನ ಸ್ಟಿಕ್ ಮುಂದೆ ತಳ್ಳೋಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಎಡಕ್ಕೇ ಯಾಕೆ ಅಂದರೆ, ಹಿಂದಿನಿಂದ ನೋಡಿದಾಗ ಮುಂದಿನ ಪ್ರೊಪೆಲ್ಲರ್ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಅದರ ಪ್ರತಿಬಲ ವಿಮಾನವನ್ನು ಎಡಕ್ಕೆ ತಿರುಚುತ್ತದೆ. ವೇಗ ಇದ್ದಾಗ ಇದು ಗೊತ್ತೇ ಆಗಲ್ಲ. ಫುಲ್ ಥ್ರಾಟಲ್ ಕೊಟ್ಟು, ವೇಗ ಇಲ್ಲದೆ, ಸ್ಟಾಲ್ ಅಂಚಿನಲ್ಲಿ ನಿಂತಾಗ ಎದ್ದು ಕಾಣುತ್ತದೆ. ಆಗ ಗಾಬರಿಯಲ್ಲಿ ಎಲ್ಲರೂ ಐಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ಸ್ಟಿಕ್ ಬಲಕ್ಕೆ ಎಳೆಯುತ್ತಾರೆ. ಅದರಿಂದ ಎಡ ರೆಕ್ಕೆಯ ಐಲೆರಾನ್ ಕೆಳಗಿಳಿದು, ಮೊದಲೇ ಸೋತಿದ್ದ ಆ ರೆಕ್ಕೆ ಪೂರ್ತಿ ಸೋಲುತ್ತದೆ. ಮಾಡಬೇಕಾದ್ದು ಎಲಿವೇಟರ್ (ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಸ್ಟಿಕ್ ಮುಂದೆ ತಳ್ಳಿ ಮೂಗು ಇಳಿಸೋದು. ಆದರೆ ತಲೆ ಎತ್ತರದಲ್ಲಿ ಅದಕ್ಕೆ ಜಾಗ ಎಲ್ಲಿರುತ್ತೆ?

ಈಗ ಸ್ಕೇಲು ಹಿಡಿಯಿರಿ. ಬ್ಯಾಟರಿ, ರಿಸೀವರ್, ಪ್ರೊಪೆಲ್ಲರ್ ಎಲ್ಲಾ ಹಾಕಿ ಹಾರಲು ರೆಡಿಯಾದ ವಿಮಾನವೇ ಇರಬೇಕು. ರೆಕ್ಕೆಯ ಅಗಲ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 20 ಸೆಂ.ಮೀ. ಇದ್ದರೆ, ಮುಂದಿನ ಅಂಚಿನಿಂದ 5ರಿಂದ 6 ಸೆಂ.ಮೀ. ಹಿಂದಕ್ಕೆ ಎರಡೂ ರೆಕ್ಕೆಗಳ ಕೆಳಗೆ ಗುರುತು ಹಾಕಿ. ಗುರುತಿನ ಮೇಲೆ ಒಂದೊಂದು ಬೆರಳಿಟ್ಟು ಎತ್ತಿ. ವಿಮಾನ ಮಟ್ಟವಾಗಿ ಇಲ್ಲವೇ ಮೂಗು ತುಸು ತಗ್ಗಿ ನಿಲ್ಲಬೇಕು. ಬಾಲ ಕೆಳಗೆ ಹೋದರೆ ಕಳ್ಳ ಸಿಕ್ಕಿದ.

ಬಾಲದ ಒಂದೊಂದು ಗ್ರಾಂ ಎಷ್ಟು ದುಬಾರಿ ಅಂತ ಲೆಕ್ಕ ಹಾಕಿ ನೋಡಿ. ಬಾಲ ಸಿಜಿಯಿಂದ 60 ಸೆಂ.ಮೀ. ಹಿಂದಿದೆ ಅಂದುಕೊಳ್ಳಿ. ಅಲ್ಲಿ ರಿಪೇರಿ ಮಾಡುವಾಗ 10 ಗ್ರಾಂ ಹಾಟ್ ಗ್ಲೂ ಬಿತ್ತು. ಅದನ್ನು ಸರಿದೂಗಿಸಲು 180 ಗ್ರಾಂ ತೂಕದ ಲಿಪೋ ಬ್ಯಾಟರಿಯನ್ನು 3.3 ಸೆಂ.ಮೀ. ಮುಂದೆ ಸರಿಸಬೇಕು. ಬ್ಯಾಟರಿಗೆ ಮುಂದೆ ಜಾಗವೇ ಇಲ್ಲದಿದ್ದರೆ, ಸಿಜಿಯಿಂದ 20 ಸೆಂ.ಮೀ. ಮುಂದಿರುವ ಮೂಗಿನಲ್ಲಿ 30 ಗ್ರಾಂ ಸೀಸ ಕಟ್ಟಬೇಕು. ಸನ್‌ಪ್ಯಾಕ್ ಗಟ್ಟಿ ನಿಜ, ಆದರೆ ಡೆಪ್ರಾನ್ ಅನ್ನುವ ಹಗುರ ಫೋಮ್ ಶೀಟಿಗಿಂತ ಭಾರ. ಅದಕ್ಕೇ ಬಾಲದ ರೆಕ್ಕೆಗಳನ್ನಾದರೂ ಡೆಪ್ರಾನ್‌ನಲ್ಲಿ ಮಾಡಿ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರುಗಳನ್ನು, ಅಂದರೆ ಸರ್ವೋಗಳನ್ನು, ರೆಕ್ಕೆಯ ಹತ್ತಿರ ಇಟ್ಟು ಉದ್ದ ಕಡ್ಡಿಯಿಂದ ಆ ಪಟ್ಟಿಗಳನ್ನು ಎಳೆಯುವಂತೆ ಮಾಡಿ. ಮೊದಲು ಬ್ಯಾಟರಿ ಸರಿಸಿ ನೋಡಿ, ಸೀಸ ಕೊನೆಗೆ.

ದೊಡ್ಡ ಮೋಟಾರ್ ಹಾಕಿದ ಮೇಲೆ ಹಾರಿತು ಅಂತ ಹೇಳುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಎಷ್ಟೋ ಸಲ ಕೆಲಸ ಮಾಡಿದ್ದು ಮೋಟಾರಿನ ಶಕ್ತಿಯಲ್ಲ, ಮೂಗಿಗೆ ಬಿದ್ದ ಅದರ ತೂಕ! ಕಲಿಯುವವರ ವಿಮಾನಕ್ಕೆ ಅದರ ತೂಕದ ಅರ್ಧದಷ್ಟು ಎಳೆತ ಸಿಕ್ಕರೂ ನಡೆಯುತ್ತದೆ. ಮಾಮೂಲಿ 2212 ಅಳತೆಯ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟಾರಿಗೆ 3 ಸೆಲ್ ಲಿಪೋ, 10 ಇಂಚಿನ ಪ್ರೊಪೆಲ್ಲರ್ ಕೊಟ್ಟರೆ ಅದಕ್ಕಿಂತ ಜಾಸ್ತಿಯೇ ಎಳೆಯುತ್ತದೆ. ಮೋಟಾರನ್ನು ಬಲಕ್ಕೂ ಕೆಳಕ್ಕೂ ಎರಡೆರಡು ಡಿಗ್ರಿ ವಾಲಿಸಿ ಕೂರಿಸಿದರೆ ಎಡಕ್ಕೆಳೆಯುವ ಚಾಳಿಯೂ ತಗ್ಗುತ್ತದೆ. ಸ್ಕ್ರೂ ಕೆಳಗೆ ಒಂದು ವಾಷರ್ ಇಟ್ಟರೆ ಆಯಿತು.

ಇನ್ನೊಂದು ಅನುಮಾನ ಉಲ್ಟಾ ಕಂಟ್ರೋಲ್. ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ತಳ್ಳಿ: ಬಲ ಐಲೆರಾನ್ ಮೇಲೇಳಬೇಕು. ಸ್ಟಿಕ್ ನಿಮ್ಮತ್ತ ಎಳೆದರೆ ಎಲಿವೇಟರ್ ಮೇಲೇಳಬೇಕು. ತಪ್ಪಿದ್ದರೆ ಟ್ರಾನ್ಸ್‌ಮಿಟರ್‌ನ ರಿವರ್ಸ್ ಸೆಟ್ಟಿಂಗ್‌ನಲ್ಲಿ ಸರಿಯಾಗುತ್ತದೆ.

ಆಮೇಲೆ ಬೆಳಗ್ಗೆ, ಗಾಳಿ ಏಳುವ ಮುಂಚೆ, ಎತ್ತರದ ಹುಲ್ಲಿರುವ ಕಡೆ ಹೋಗಿ. ಮೋಟಾರ್ ಆಫ್ ಇಟ್ಟು, ಇರುವ ಗಾಳಿಗೆ ಎದುರಾಗಿ ಮಟ್ಟವಾಗಿ ಎಸೆಯಿರಿ. ಮೇಲಕ್ಕೆ ಎಸೆಯಬೇಡಿ, ಹೊಸಬರೆಲ್ಲ ಎಡವೋದು ಅಲ್ಲೇ. ನೇರ ಜಾರಿಕೊಂಡು ಹೋಗಿ ಹುಲ್ಲಿನ ಮೇಲೆ ಕೂತರೆ ಸರಿ. ಎಲಿವೇಟರ್ ಸಮವಾಗಿದ್ದೂ ಮತ್ತೆ ಮೂಗೆತ್ತಿದರೆ ಬ್ಯಾಟರಿ ಇನ್ನೂ ಮುಂದೆ. ಅಂದಹಾಗೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಮಂಗಳೂರಿನದಕ್ಕಿಂತ ತುಸು ತೆಳು. ಹಾಗಾಗಿ ಅದೇ ವಿಮಾನವನ್ನು ಇಲ್ಲಿ ಕೊಂಚ ಜೋರಾಗಿ ಎಸೆಯಬೇಕು.

ಜಾಗ ಆರಿಸುವಾಗ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳು ಕಣ್ಣಳತೆಯಲ್ಲೇ ಹಾರಿಸುವ ಹವ್ಯಾಸಿ ಮಾಡೆಲ್‌ಗಳಿಗೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸರ್ಕಾರಿ ಪ್ರಮಾಣಪತ್ರ) ಕೇಳುವುದಿಲ್ಲ, ಆದರೆ ಅನುಮತಿಯಿಲ್ಲದೆ ಹಾರಿಸಬಾರದ ಕೆಂಪು, ಹಳದಿ ವಲಯಗಳ ಕಟ್ಟುಪಾಡು ಇದ್ದೇ ಇದೆ. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಇಷ್ಟೂ ಕಡೆ ರನ್‌ವೇ ಇರುವ ಬೆಂಗಳೂರಿನ ಸುತ್ತ ಮನೆ ಹತ್ತಿರದ ಬಯಲು ಅಂತ ಸುಮ್ನೆ ಹಾರಿಸೋಕೆ ಹೋಗಬೇಡಿ.

ಮೊದಲ ಹಾರಾಟಗಳಿಗೆ ಮೂಗು ಸ್ವಲ್ಪ ಭಾರವೇ ಇರಲಿ. ಎಲಿವೇಟರ್ ಮಂದ ಅನ್ನಿಸುತ್ತದೆ, ಇಳಿಸುವಾಗ ವೇಗ ಜಾಸ್ತಿ ಬೇಕಾಗುತ್ತದೆ, ಆದರೆ ವಿಮಾನ ನಿಮ್ಮ ಮಾತು ಕೇಳುತ್ತದೆ. ಕೈ ಪಳಗಿದ ಮೇಲೆ ಬ್ಯಾಟರಿಯನ್ನು ಅರ್ಧರ್ಧ ಸೆಂಟಿಮೀಟರ್ ಹಿಂದೆ ಸರಿಸುತ್ತಾ ಬನ್ನಿ, ಚೆನ್ನಾಗಿ ಹಾರಿದ ಜಾಗಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡಿ.