ಕಣಕಾಲಿನ ಅಂಕಿಯನ್ನು ನಂಬುವ ಮುನ್ನ ಹೆಬ್ಬೆರಳನ್ನೂ ಅಳೆಯಿರಿ

ಕಾಲಿನ ಅಪಧಮನಿ ಕಟ್ಟಿಕೊಂಡಾಗ ಬೈಪಾಸ್ ಬೇಕೇ, ಬಲೂನಿನಿಂದ ನಾಳ ಹಿಗ್ಗಿಸಿದರೆ ಸಾಕೇ, ಔಷಧಿ ಮತ್ತು ನಡಿಗೆಯಲ್ಲೇ ನಿಭಾಯಿಸಬಹುದೇ? ಈ ಪ್ರಶ್ನೆಗೆ ಅರ್ಧ ಉತ್ತರ ಸೂಜಿ ಚುಚ್ಚುವ ಮೊದಲೇ ಸಿಗುತ್ತದೆ, ಅಳತೆ ಸರಿಯಾಗಿದ್ದರೆ.

ಮೊದಲು ಎಬಿಐ, ಅಂದರೆ ಕಣಕಾಲಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸುವ ಅನುಪಾತ. ರೋಗಿ ಅಂಗಾತ ಮಲಗಿ ಐದರಿಂದ ಹತ್ತು ನಿಮಿಷ ಸುಧಾರಿಸಿಕೊಳ್ಳಲಿ. ಜೆಲ್ ಹಚ್ಚಿ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಪ್ರೋಬನ್ನು ಓರೆಯಾಗಿ, ಹಗುರವಾಗಿ ಇಡಿ. ಒತ್ತಿ ಹಿಡಿದರೆ ಪಾದದ ಮೇಲಿನ ನಾಳ ಬೆರಳಡಿಯಲ್ಲೇ ಮುಚ್ಚಿಹೋಗುತ್ತದೆ, ‘ನಾಡಿ ಇಲ್ಲ’ ಎಂದು ಬರೆದುಬಿಡುತ್ತಾರೆ. ಕಣಕಾಲಿಗೆ ಸುತ್ತಿದ ಕಫ್ (ಬಿಪಿ ಪಟ್ಟಿ) ಉಬ್ಬಿಸಿ, ಸದ್ದು ನಿಂತ ಮೇಲೂ 20 ಮಿ.ಮೀ. ಪಾದರಸದಷ್ಟು ಏರಿಸಿ, ನಿಧಾನ ಇಳಿಸಿ. ಸದ್ದು ಮರಳಿದ ಅಂಕಿಯೇ ಸಿಸ್ಟಾಲಿಕ್ ಒತ್ತಡ. ಆ ಕಾಲಿನ ಎರಡು ನಾಳಗಳಲ್ಲಿ (ಪಾದದ ಮೇಲಿನದು, ಒಳಗಣಕಾಲಿನ ಹಿಂದಿನದು) ಹೆಚ್ಚಿನ ಒತ್ತಡವನ್ನು, ಎರಡು ತೋಳುಗಳಲ್ಲಿ ಹೆಚ್ಚಿನದರಿಂದ ಭಾಗಿಸಿ. ಕಣಕಾಲು 84, ತೋಳು 140 ಎಂದರೆ 0.60. ಫಲ 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ಇದೆ. ನಡೆದಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಆದರೆ ಅಂಕಿ ಸರಿಯಾಗಿದೆ ಎಂದಾದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮತ್ತೆ ಅಳೆಯಬೇಕು.

ಹೆಚ್ಚು ಎಡವುವುದು ಮಧುಮೇಹಿಗಳಲ್ಲಿ. ನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾದರೆ ಕಫ್ ಅದನ್ನು ಅದುಮಲಾರದು. ಹೆಬ್ಬೆರಳು ಕಪ್ಪಾಗುತ್ತಿರುವ ಕಾಲನ್ನೇ ಊಹಿಸಿಕೊಳ್ಳಿ: ತೋಳು 150, ಕಣಕಾಲು 220, ಎಬಿಐ 1.47. 1.40 ದಾಟಿದ ಅಂಕಿ ಒಳ್ಳೆಯ ರಕ್ತಸಂಚಾರದ ಗುರುತಲ್ಲ, ಗಟ್ಟಿ ನಾಳದ ಗುರುತು. 1.0 ಬಂದರೂ ಇಂಥ ಕಾಲಿನಲ್ಲಿ ನಿಶ್ಚಿಂತೆ ಬೇಡ. ಬೆರಳಿನ ಸಣ್ಣ ನಾಳಗಳಿಗೆ ಸುಣ್ಣ ಕಟ್ಟುವುದು ಕಡಿಮೆ. ಅದಕ್ಕೇ ಪಾದವನ್ನು ಬೆಚ್ಚಗಿಟ್ಟು, ಹೆಬ್ಬೆರಳಿಗೆ ಚಿಕ್ಕ ಕಫ್ ಮತ್ತು ಬೆಳಕಿನ ಸೆನ್ಸರ್ ಕಟ್ಟಿ ಅಳೆಯಬೇಕು. ಅಲ್ಲಿ 28 ಬಂದರೆ ಚಿತ್ರವೇ ಬದಲಾಗುತ್ತದೆ. 30ಕ್ಕಿಂತ ಕೆಳಗಿದ್ದಾಗ, ರಕ್ತ ಹರಿಸದೆ ಬೆರಳು ಕತ್ತರಿಸಿದರೆ ಆ ಗಾಯವೂ ಮಾಯುವುದು ಕಷ್ಟ.

ಕಟ್ಟಿಕೊಂಡ ಜಾಗ ಯಾವುದೆಂದು ಹೇಳುವುದು ಡ್ಯೂಪ್ಲೆಕ್ಸ್ ಸ್ಕ್ಯಾನ್, ಅಂದರೆ ನಾಳದ ಚಿತ್ರವನ್ನೂ ರಕ್ತದ ವೇಗವನ್ನೂ ಒಟ್ಟಿಗೆ ತೋರುವ ಅಲ್ಟ್ರಾಸೌಂಡ್. ಕಿರಿದಾದ ಕಡೆ ರಕ್ತದ ವೇಗ ಅದರ ಹಿಂದಿನ ಭಾಗದ ಎರಡು ಪಟ್ಟಾದರೆ ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ ಎಂದರ್ಥ. ತೊಡೆಸಂದಿಯ ನಾಳದಲ್ಲಿ ರಕ್ತದ ಹರಿವು ಪರದೆಯ ಮೇಲೆ ಮೂಡಿಸುವ ಅಲೆಯನ್ನು ಮರೆಯದೆ ನೋಡಿ. ಅಲ್ಲೇ ಅಲೆ ಚಪ್ಪಟೆಯಾಗಿದ್ದರೆ ಅಡ್ಡಿ ಹೊಟ್ಟೆಯೊಳಗಿನ ನಾಳದಲ್ಲಿರಬಹುದು. ಅದನ್ನು ಬಿಡಿಸದೆ ಕೆಳಗೆ ಹಾಕಿದ ಬೈಪಾಸ್ ಬಾಳುವುದಿಲ್ಲ.

ಬೈಪಾಸ್ ನಿಶ್ಚಯವಾದರೆ, ರಕ್ತಕ್ಕೆ ಹೊಸ ದಾರಿಯಾಗಿ ಜೋಡಿಸಬೇಕಾದ ಕಾಲಿನ ಅಭಿಧಮನಿಯನ್ನೂ ಅಳೆಯಿರಿ. 3 ಮಿ.ಮೀ. ಅಥವಾ ಹೆಚ್ಚು ಅಗಲ, ಗೋಡೆ ತೆಳು, ಒಳಗೆ ಹೆಪ್ಪಿಲ್ಲ ಎಂದರೆ ಬಳಸಬಹುದು. ತಣ್ಣನೆಯ ಕೋಣೆಯಲ್ಲಿ ಮಲಗಿಸಿ ಅಳೆದರೆ ಒಳ್ಳೆಯ ನಾಳವೂ ಸಂಕುಚಿಸಿ 2 ಮಿ.ಮೀ. ತೋರಬಹುದು. ಕಾಲು ಇಳಿಬಿಡಿಸಿ, ಬೆಚ್ಚಗೆ ಹೊದೆಸಿ, ಇನ್ನೊಮ್ಮೆ ನೋಡಿ, ಚರ್ಮದ ಮೇಲೆ ಅದರ ದಾರಿಯನ್ನು ಮಾರ್ಕರ್‌ನಲ್ಲಿ ಎಳೆದಿಡಿ.