ಸೈಲೆನ್ಸರ್ ಹೊಟ್ಟೆಯ ನೀರು

ಕಾರವಾರದಲ್ಲಿ ಕಿಟಕಿಯ ಸರಳು ಕಿತ್ತುಬಂದರೂ ಫ್ರಿಜ್ಜಿಗೆ ತುಕ್ಕು ಹಿಡಿದರೂ ಬೈಗುಳ ಉಪ್ಪುಗಾಳಿಗೇ. ನಮ್ಮ ಏಳು ಸೀಟಿನ ಡೀಸೆಲ್ ಎಸ್‌ಯುವಿ ಎಂಟನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ಟ್ರ್ಯಾಕ್ಟರಿನಂತೆ ಗುಡುಗಿದಾಗ ನಾನೂ ಕಡಲಿನತ್ತಲೇ ಬೆರಳು ತೋರಿಸಿದೆ.

ಕೋಡಿಬಾಗದ ಮೆಕ್ಯಾನಿಕ್ ಒಪ್ಪಲಿಲ್ಲ. ಗಾಡಿಯನ್ನು ಮೇಲೆತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ಸೈಲೆನ್ಸರನ್ನು ಬಡಿದರು. ಕೆಂಪಗೆ ತುಕ್ಕು ಹಿಡಿದಿದ್ದ ಮೇಲ್ಭಾಗ ‘ಟಣ್’ ಎಂದಿತು. ನೋಡಲು ಅಷ್ಟೇನೂ ಕೆಡದ ತಳದ ಅಂಚು ‘ಥಪ್’ ಎಂದಿತು. ತುದಿಯನ್ನು ಒತ್ತಿದ್ದೇ ತಡ, ಒಳಗೆ ಹೋಯಿತು. ಕಳಚಿ, ಗ್ರೈಂಡರಿನಿಂದ ಹೊಟ್ಟೆ ಸೀಳಿದಾಗ ಒಂದು ಲೋಟದಷ್ಟು ಕಪ್ಪು ನೀರು ಸುರಿಯಿತು. ಹಿಂದೆಯೇ ಹಪ್ಪಳದ ಚೂರಿನಂತೆ ತುಕ್ಕು.

“ಒಳಗಿನಿಂದ ತಿಂದಿದೆ ಸರ್” ಎಂದರು.

ಒಳಗೆ ನೀರೆಲ್ಲಿಂದ? ಡೀಸೆಲ್‌ನಿಂದಲೇ. ಅದರ ತೂಕದಲ್ಲಿ ಏಳೆಂಟನೆಯ ಒಂದು ಪಾಲು ಹೈಡ್ರೋಜನ್. ಉರಿಯುವಾಗ ಒಂದು ಗ್ರಾಂ ಹೈಡ್ರೋಜನ್ ಗಾಳಿಯಿಂದ ಎಂಟು ಗ್ರಾಂ ಆಮ್ಲಜನಕವನ್ನು ಸೆಳೆದುಕೊಂಡು ನೀರಾಗುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಡೀಸೆಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು! ನಾನು ಎರಡು ಬಾರಿ ಲೆಕ್ಕ ಹಾಕಿ ನೋಡಿದೆ. ಎಂಜಿನ್ನಿನ ಬಳಿಯ ಕೊಳವೆ ಬೇಗ ಕಾಯುವುದರಿಂದ ಅಲ್ಲಿ ಅದು ಆವಿಯಾಗಿಯೇ ಸಾಗುತ್ತದೆ. ಬಾಲದಲ್ಲಿರುವ ಸೈಲೆನ್ಸರ್ ಕಾಯುವುದು ಎಲ್ಲಕ್ಕಿಂತ ಕೊನೆಗೆ. ಮನೆಯಿಂದ ಮೀನು ಮಾರುಕಟ್ಟೆಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆವಿ ತಣ್ಣನೆಯ ತಗಡಿಗೆ ತಾಗಿ ನೀರಾಗಿ ತಳದಲ್ಲಿ ಕೂರುತ್ತದೆ. ಹೊಗೆಯಲ್ಲಿನ ಆಮ್ಲೀಯ ಅನಿಲಗಳೂ ಅದರಲ್ಲಿ ಕರಗುತ್ತವೆ.

ಕುಮಟಾದ ನಮ್ಮ ಭಾವನ ಮನೆ ಕಡಲಿಗೆ ನನ್ನ ಮನೆಗಿಂತ ಹತ್ತಿರ. ಗಾಡಿಯೂ ಇದೇ, ನನ್ನದಕ್ಕಿಂತ ಒಂದು ವರ್ಷ ಹಳೆಯದು. ಆದರೆ ಅವರದು ದಿನವೂ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಗಾಡಿ, ಸೈಲೆನ್ಸರ್ ಗಟ್ಟಿಯಾಗಿದೆ. ಎರಡೇ ಗಾಡಿಗಳ ಸಾಕ್ಷಿ ಪ್ರಯೋಗವಾಗುವುದಿಲ್ಲ, ಒಪ್ಪಿದೆ. ಕಡಲೂ ಪೂರ್ತಿ ನಿರಪರಾಧಿಯಲ್ಲ: ಹೊರಗಿನ ಉಪ್ಪು ತೇವವನ್ನು ಹಿಡಿದಿಡುತ್ತದೆ, ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನ ರಕ್ಷಾಪದರವನ್ನೂ ಚುಚ್ಚುತ್ತದೆ.

ಹೊಸದಕ್ಕೆ ನಾನು ಅಗ್ಗದ, ಚಿಕ್ಕ ಡಬ್ಬಿಯೊಂದನ್ನು ತೋರಿಸಿದೆ. ಮೆಕ್ಯಾನಿಕ್ ಬೇಡವೆಂದು ತಲೆಯಲ್ಲಾಡಿಸಿದರು. ಕಾರಣ ಶಬ್ದದ ಅಲೆಯ ಉದ್ದದಲ್ಲಿದೆ. ನಿಮಿಷಕ್ಕೆ 2000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ ಸುಮಾರು 67 ಬಾರಿ ಹೊಗೆಯನ್ನು ಹೊರದಬ್ಬುತ್ತದೆ. 300 ಡಿಗ್ರಿ ಸೆಲ್ಸಿಯಸ್‌ನ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರ್. ಅಲ್ಲಿಗೆ ಒಂದು ಅಲೆ ಏಳು ಮೀಟರ್ ಉದ್ದ, ಗಾಡಿಗಿಂತಲೂ ಉದ್ದ! ಕೀರಲು ಸದ್ದನ್ನು ಗಾಜಿನ ನಾರು ಹೀರಿಕೊಳ್ಳುತ್ತದೆ. ಈ ಗುಂಯ್‌ಗುಡುವ ಸದ್ದಿಗೆ ಬೇಕಾದದ್ದು ಒಳಗೋಡೆಗಳಿಂದ ವಿಂಗಡಿಸಿದ ದೊಡ್ಡ ಕೋಣೆಗಳು. ಅಲ್ಲಿ ಒತ್ತಡದ ಹೊಡೆತ ಹರಡಿ ಸಡಿಲವಾಗುತ್ತದೆ, ಗೋಡೆಗೆ ಬಡಿದು ಮರಳಿದ ಅಲೆ ಹಿಂದೆ ಬರುವ ಅಲೆಯನ್ನು ಭಾಗಶಃ ಅಳಿಸುತ್ತದೆ. ಡಬ್ಬಿ ದೊಡ್ಡದಿರುವುದು ಅಂದಕ್ಕಲ್ಲ.

ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು. ಇಲ್ಲವಾದರೆ ಎಲೆಕ್ಟ್ರಾನಿಕ್ ಭಾಗಗಳಿಗೆ ಅಪಾಯ. ರಬ್ಬರ್ ಕೊಂಡಿಗಳಿಗೆ ಸೋಪುನೀರು ಸವರಿ ಸೇರಿಸಿದರು. ಎಂಜಿನ್ ಚಾಲೂ ಮಾಡಿದಾಗ ಬಾಲದಿಂದ ಟಪ್ ಟಪ್ ಎಂದು ಹನಿ. ಆಗಲೇ ಶುರುವಾಯಿತಲ್ಲ ಎಂದುಕೊಂಡೆ.

ಈಗ ಭಾನುವಾರಗಳಂದು ಸೈಲೆನ್ಸರ್ ಕಾಯಲಿ ಎಂದು ಅಂಕೋಲೆಯವರೆಗೆ ಹೋಗಿಬರುತ್ತೇನೆ. ಬಂಗುಡೆ ತರಲು ಅಂಕೋಲೆಗೆ ಹೋಗುವವರು ಕಾರವಾರದಲ್ಲಿ ಬೇರೆ ಯಾರಿದ್ದಾರೆ ಎಂದು ಹೆಂಡತಿ ಕೇಳುತ್ತಾಳೆ.